ಪೊರೆ ಚೂರುಚೂರಾಗಿ ಬಂದರೆ: ಸಾಕು ಹಾವಿನ ಚರ್ಮದ ಬಗ್ಗೆ ಓದುಗರ ಪ್ರಶ್ನೆಗಳು

ಸಾಕುಪ್ರಾಣಿಗಳ ಆರೋಗ್ಯದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಾವಿನ ಚರ್ಮಕ್ಕೂ ಪೊರೆಗೂ ಸಂಬಂಧಿಸಿದವುಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿರುವ ಕಡೆ, ವಿವರ ಹೆಚ್ಚಿರುವ ಪತ್ರವನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಬಳಿ ಮೂರು ವರ್ಷದ ಹೆಣ್ಣು ಬಾಲ್ ಪೈಥಾನ್ (ಆಫ್ರಿಕಾ ಮೂಲದ ಹೆಬ್ಬಾವು) ಇದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅದನ್ನು ನೋಂದಾಯಿಸಿದ್ದೇನೆ. ಇದುವರೆಗೆ ಪೊರೆಯನ್ನು ಇಡಿಯಾಗಿ ಬಿಡುತ್ತಿದ್ದ ಹಾವು ಈ ಮಾರ್ಚ್ ತಿಂಗಳಲ್ಲಿ ಚೂರುಚೂರಾಗಿ ಬಿಟ್ಟಿದೆ. ಬೆನ್ನಿನ ಮೇಲೆ ಅಲ್ಲಲ್ಲಿ ಒಣಗಿದ ತುಂಡುಗಳು ಅಂಟಿಕೊಂಡಿವೆ, ಎಡಗಣ್ಣು ಮಬ್ಬಾಗಿಯೇ ಉಳಿದಿದೆ. ಚಿಮುಟದಿಂದ ಮೆಲ್ಲಗೆ ಎಳೆದು ತೆಗೆಯಬಹುದು ಎಂದು ಒಬ್ಬ ಗೆಳೆಯರು ಹೇಳುತ್ತಾರೆ, ಕೊಬ್ಬರಿ ಎಣ್ಣೆ ಸವರಿದರೆ ತಾನಾಗಿಯೇ ಬಿಡುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?
— ಬೆಂಗಳೂರಿನ ಓದುಗರು

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ಅದರಲ್ಲೂ ಕಣ್ಣಿನ ಬಳಿಗೆ ಚಿಮುಟವನ್ನು ಯಾವ ಕಾರಣಕ್ಕೂ ಒಯ್ಯಬೇಡಿ. ಹಾಗೇಕೆ ಎನ್ನುವುದು ತಿಳಿಯಬೇಕಾದರೆ ಪೊರೆ ಹೇಗೆ ಬಿಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕಾಗುತ್ತದೆ.

ಹಾವಿನ ಮೈಮೇಲಿನ ಹೊರಪದರ ಹಳೆಯದಾದಾಗ ಅದರ ಅಡಿಯಲ್ಲಿ ಹೊಸ ಪದರವೊಂದು ಪೂರ್ತಿಯಾಗಿ ತಯಾರಾಗುತ್ತದೆ. ಅದು ತಯಾರಾದ ಮೇಲೆ ಎರಡು ಪದರಗಳ ನಡುವೆ ದ್ರವ ಸೇರಿಕೊಂಡು, ಅದರಲ್ಲಿರುವ ಕಿಣ್ವಗಳು ಹಳೆಯದನ್ನು ಹೊಸದರಿಂದ ಬಿಡಿಸುತ್ತವೆ. ಮೈಬಣ್ಣ ಮಂಕಾಗಿ, ಕಣ್ಣು ಹಾಲು ಬೆರೆತ ನೀಲಿಯಂತೆ ಕಾಣುವುದು ಈ ದಿನಗಳಲ್ಲಿಯೇ. ಆಮೇಲೆ ಕಣ್ಣು ಮತ್ತೆ ತಿಳಿಯಾಗುತ್ತದೆ. ಹೊಸಬರು ಇದನ್ನು ನೋಡಿ ಪೊರೆ ಬಿಡುವುದು ತಪ್ಪಿಹೋಯಿತು ಎಂದುಕೊಳ್ಳುತ್ತಾರೆ, ಆದರೆ ನಿಜವಾಗಿ ಪೊರೆ ಕಳಚುವುದು ಕಣ್ಣು ತಿಳಿಯಾದ ಕೆಲವು ದಿನಗಳ ನಂತರ. ಹಾವು ಮೂತಿಯನ್ನು ಒರಟಾದ ವಸ್ತುವಿಗೆ ಉಜ್ಜಿ ತುಟಿಯ ಬಳಿ ಪೊರೆಯನ್ನು ಬಿಡಿಸಿಕೊಳ್ಳುತ್ತದೆ, ಅಲ್ಲಿಂದ ಮುಂದಕ್ಕೆ ಹರಿಯುತ್ತಾ ಹೋದಂತೆ ಪೊರೆ ಕಾಲುಚೀಲವನ್ನು ಒಳಮಗ್ಗುಲಾಗಿ ಎಳೆದು ತೆಗೆದ ಹಾಗೆ ಬಾಲದವರೆಗೂ ಕಳಚಿಕೊಳ್ಳುತ್ತದೆ. ಮಂಕಾಗಲು ಆರಂಭಿಸಿದಂದಿನಿಂದ ಕಳಚುವವರೆಗೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ಗಾಳಿ ತೀರ ಒಣಗಿದ್ದರೆ, ಅಥವಾ ಹಾವಿನ ಮೈಯಲ್ಲಿಯೇ ನೀರಿನಂಶ ಕಡಿಮೆಯಾಗಿದ್ದರೆ, ಬಿಡಿಸುವ ದ್ರವ ಸಾಕಾಗದೆ ಹಳೆಯ ಪದರ ಬಿರುಸಾಗಿ ಅಲ್ಲಲ್ಲಿ ಹರಿದು ಅಂಟಿಕೊಳ್ಳುತ್ತದೆ. ನಿಮ್ಮ ಹಾವಿಗೆ ಆಗಿರುವುದು ಇದೇ.

ಈಗ ಕಣ್ಣಿನ ವಿಷಯ. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇರುತ್ತದೆ, ಅದಕ್ಕೂ ಕಣ್ಣಿಗೂ ನಡುವಿನ ತೆಳುವಾದ ಜಾಗದಲ್ಲಿ ಕಣ್ಣೀರು ಹರಿಯುತ್ತದೆ. ಪ್ರತಿ ಬಾರಿ ಪೊರೆ ಬಿಡುವಾಗ ಈ ಹುರುಪೆಯ ಹೊರಪದರವೂ ಪೊರೆಯ ಜೊತೆಗೇ ಬರಬೇಕು. ಕಳಚಿದ ಪೊರೆಯ ತಲೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡು ದುಂಡನೆಯ ಗಾಜಿನಂತಹ ಕಿಟಕಿಗಳು ಕಾಣಿಸುತ್ತವೆ. ಅವುಗಳ ಜಾಗದಲ್ಲಿ ಬರಿಯ ತೂತು ಇದ್ದರೆ ಮಾತ್ರ ಹಳೆಯ ಪದರ ಕಣ್ಣಿನ ಮೇಲೆ ಉಳಿದಿದೆ ಎಂದು ಅರ್ಥ. ನಿಮ್ಮಲ್ಲಿ ಪೊರೆ ಚೂರಾಗಿ ಬಂದಿರುವುದರಿಂದ ಕಸದ ಬುಟ್ಟಿಗೆ ಹಾಕುವ ಮುನ್ನ ತುಂಡುಗಳನ್ನೆಲ್ಲ ನೆನೆಸಿ ಬಿಡಿಸಿ ಹುಡುಕಿ. ಕಣ್ಣು ಮಬ್ಬಾಗಿ ಕಾಣುವುದಕ್ಕೆ ಬೇರೆ ಕಾರಣಗಳೂ ಇರಬಹುದು. ನೀರಿನಂಶ ಕಡಿಮೆಯಾದ ಹಾವಿನಲ್ಲಿ ಕಣ್ಣಿನ ಮೇಲಿನ ಹುರುಪೆ ತಗ್ಗುಬಿದ್ದಂತೆ ಅಥವಾ ಸುಕ್ಕುಗಟ್ಟಿದಂತೆ ಕಾಣುತ್ತದೆ, ಗೂಡಿನ ತೇವ ಸರಿಯಾದಾಗ ತಾನಾಗಿಯೇ ಸರಿಹೋಗುತ್ತದೆ. ಅಂತಹ ಕಣ್ಣಿನಿಂದ ಏನನ್ನೋ ಕಿತ್ತು ತೆಗೆಯಲು ಹೋದವರು ಕಿತ್ತಿರುವುದು ಹಳೆಯ ಪೊರೆಯನ್ನಲ್ಲ, ಇರಬೇಕಾದ ಹುರುಪೆಯನ್ನೇ. ಅದು ಹರಿದರೆ ಕಣ್ಣುಗುಡ್ಡೆ ಬಯಲಾಗಿ, ಒಣಗಿ, ಸೋಂಕು ತಗುಲಿ ಕಣ್ಣೇ ಹೋಗುತ್ತದೆ. ಪಾರದರ್ಶಕ ಟೇಪ್ ಅಂಟಿಸಿ ಎಳೆಯುವ ಉಪಾಯವೊಂದು ಹಾವು ಸಾಕುವವರ ನಡುವೆ ಓಡಾಡುತ್ತಿದೆ, ಅದರಲ್ಲಿಯೂ ಇದೇ ಅಪಾಯವಿದೆ.

ಹಾಗಾಗಿ ಕಣ್ಣನ್ನು ಸದ್ಯಕ್ಕೆ ಹಾಗೆಯೇ ಬಿಡಿ. ಗೂಡಿನ ತೇವವನ್ನು ಸರಿಪಡಿಸಿದರೆ ಒಂದು ಬಾರಿ ಉಳಿದ ಪದರ ಮುಂದಿನ ಪೊರೆಯೊಂದಿಗೆ ಹೊರಟುಹೋಗುವ ಸಾಧ್ಯತೆ ಹೆಚ್ಚು. ಆಗಲೂ ಬರದಿದ್ದರೆ, ಅಥವಾ ಈಗಲೇ ಕಣ್ಣು ಊದಿಕೊಂಡಿದ್ದರೆ, ಒಳಗೆ ಕೀವು ಕಟ್ಟಿದಂತೆ ಹಳದಿಯಾಗಿದ್ದರೆ, ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರಲ್ಲಿಗೆ ಹೋಗಿ. ಅವರು ಕಣ್ಣಿಗೆ ಹಾಕುವ ಜೆಲ್‌ನಿಂದ ಪದರವನ್ನು ಮೆದುಗೊಳಿಸಿ, ಒದ್ದೆ ಹತ್ತಿಯ ಕಡ್ಡಿಯಿಂದ ಅಂಚಿನಿಂದ ಒಳಕ್ಕೆ ಉರುಳಿಸಿ ತೆಗೆಯುತ್ತಾರೆ. ಒಂದೇ ಭೇಟಿಯಲ್ಲಿ ಬರದಿದ್ದರೆ ಬಲವಂತ ಮಾಡದೆ ಇನ್ನೊಂದು ದಿನ ಕರೆಯುತ್ತಾರೆ. ಹಾಗೆ ಕಾಯಿಸುವ ವೈದ್ಯರನ್ನು ನಂಬಬಹುದು.

ಬೆನ್ನಿನ ಮೇಲಿನ ತುಂಡುಗಳ ಕೆಲಸ ಇಷ್ಟು ಸೂಕ್ಷ್ಮವಲ್ಲ. ಮುಚ್ಚಳವಿರುವ, ಗಾಳಿಯಾಡಲು ತೂತು ಕೊರೆದ ಪ್ಲಾಸ್ಟಿಕ್ ಡಬ್ಬದಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಟವೆಲ್‌ಗಳನ್ನು ಸಡಿಲವಾಗಿ ತುಂಬಿ, ಹಾವನ್ನು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಅದರೊಳಗೆ ಬಿಡಿ. ನೀರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ನಮ್ಮ ಕೈಗೆ ಹಿತವಾದ ಬಿಸಿನೀರು ಹಾವಿಗೆ ಹೆಚ್ಚು. ಟವೆಲ್‌ಗಳ ನಡುವೆ ನುಸುಳಾಡುವಾಗಲೇ ಬಹುಪಾಲು ಬಿಟ್ಟುಹೋಗುತ್ತದೆ. ಉಳಿದದ್ದಕ್ಕೆ, ನಿಮ್ಮ ಅಂಗೈಯಲ್ಲಿ ಒದ್ದೆ ಬಟ್ಟೆ ಹಿಡಿದು ಹಾವು ಅದರ ನಡುವೆ ತಾನೇ ಹಾದುಹೋಗಲು ಬಿಡಿ, ತಲೆಯಿಂದ ಬಾಲದ ದಿಕ್ಕಿಗೆ ಮಾತ್ರ. ಬರದೇ ಇದ್ದುದನ್ನು ಉಗುರಿನಿಂದ ಕೆರೆಯದೆ ಮರುದಿನಕ್ಕೆ ಬಿಡಿ. ಬಕೆಟ್ಟಿನಲ್ಲಿ ನೀರು ತುಂಬಿ ಹಾವನ್ನು ಅದರೊಳಗೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರಿದ್ದಾರೆ, ದಣಿದ ಹಾವು ಹಾಗೆ ಮುಳುಗಿ ಸಾಯಬಹುದು. ಎಣ್ಣೆಯ ಬಗ್ಗೆ ಹೇಳುವುದಾದರೆ, ಪೊರೆಗೆ ಬೇಕಾಗಿರುವುದು ನೀರು. ಎಣ್ಣೆ ನೀರಿನ ಕೆಲಸ ಮಾಡುವುದಿಲ್ಲ, ಗೂಡಿನ ಧೂಳನ್ನೂ ಕಸವನ್ನೂ ಹುರುಪೆಗಳ ಸಂದಿಗೆ ಅಂಟಿಸುತ್ತದೆ ಅಷ್ಟೆ.

ಇಷ್ಟು ಮಾಡಿದರೂ ಗೂಡು ಹಾಗೆಯೇ ಇದ್ದರೆ ಮುಂದಿನ ಪೊರೆಯೂ ಇದೇ ರೀತಿ ಬರುತ್ತದೆ. ನೀವು ಮಾರ್ಚ್ ತಿಂಗಳು ಎಂದು ಬರೆದಿರುವುದರಲ್ಲಿಯೇ ಉತ್ತರದ ಅರ್ಧಭಾಗ ಇದೆ. ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನದ ಹೊತ್ತಿಗೆ ಗಾಳಿಯ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಅಲ್ಲಿಯೂ ಬೇಸಿಗೆ ಒಣದೇ, ಆದರೆ ಅದು ಹಗಲನ್ನು ಕಳೆಯುವುದು ಇಲಿಬಿಲಗಳಲ್ಲಿ, ಗೆದ್ದಲು ಹುತ್ತಗಳಲ್ಲಿ. ನೆಲದ ಮೇಲಿನ ಗಾಳಿ ಎಷ್ಟೇ ಒಣಗಿದ್ದರೂ ಬಿಲದೊಳಗಿನ ಗಾಳಿಯಲ್ಲಿ ತೇವ ಉಳಿದಿರುತ್ತದೆ. ನಾವು ಮನೆಯಲ್ಲಿ ಒದಗಿಸಬೇಕಾದದ್ದು ಅಂತಹ ಬಿಲವನ್ನು. ಹಾವು ಸುರುಳಿ ಸುತ್ತಿ ಕೂರುವಷ್ಟೇ ಅಗಲದ ಮುಚ್ಚಳದ ಡಬ್ಬಕ್ಕೆ ಒಂದು ದ್ವಾರ ಕೊರೆದು, ಅಂಚನ್ನು ಉಜ್ಜಿ ನುಣುಪು ಮಾಡಿ, ಒಳಗೆ ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ಹರಡಿ. ಆರ್ಕಿಡ್ ಗಿಡಗಳನ್ನು ಮಾರುವ ನರ್ಸರಿಗಳಲ್ಲಿ ಈ ಪಾಚಿ ಸಿಗುತ್ತದೆ. ಮೈ ಮಂಕಾದ ದಿನದಿಂದ ಪೊರೆ ಬಿಡುವವರೆಗೆ ಈ ಡಬ್ಬ ಗೂಡಿನಲ್ಲಿರಲಿ, ಪಾಚಿಯನ್ನು ಪ್ರತಿ ಬಾರಿ ಬದಲಾಯಿಸಿ.

ಗೂಡಿನ ಮೇಲ್ಭಾಗ ಪೂರ್ತಿ ಜಾಲರಿಯಾಗಿದ್ದರೆ ತೇವ ನಿಲ್ಲುವುದಿಲ್ಲ, ಜಾಲರಿಯ ಮುಕ್ಕಾಲು ಭಾಗವನ್ನು ಮುಚ್ಚಿ ಉಳಿದದ್ದನ್ನು ಗಾಳಿಗೆ ಬಿಡಿ. ಹಾಸಿಗೆಗೆ ಪೇಪರ್ ಬದಲು ತೆಂಗಿನ ನಾರಿನ ಪುಡಿ ಹಾಕಿ, ನೀರಿನ ಬಟ್ಟಲನ್ನು ದೊಡ್ಡದು ಮಾಡಿ. ಸಾಮಾನ್ಯ ದಿನಗಳಲ್ಲಿ ತೇವಾಂಶ ಶೇಕಡಾ 55ರಿಂದ 60, ಪೊರೆ ಬಿಡುವ ದಿನಗಳಲ್ಲಿ 70ರ ಹತ್ತಿರ ಇದ್ದರೆ ಬಾಲ್ ಪೈಥಾನಿಗೆ ಸಾಕು. ಉಷ್ಣಾಂಶ ಬೆಚ್ಚಗಿನ ಬದಿಯಲ್ಲಿ 31ರಿಂದ 32 ಡಿಗ್ರಿ, ತಂಪಿನ ಬದಿಯಲ್ಲಿ 25ರಿಂದ 27 ಡಿಗ್ರಿ ಇರಲಿ. ಗೂಡಿನ ಗೋಡೆಗೆ ಅಂಟಿಸುವ ಅಗ್ಗದ ಮುಳ್ಳಿನ ಮಾಪಕಗಳನ್ನು ನಾನು ನಂಬುವುದಿಲ್ಲ. ಡಿಜಿಟಲ್ ಮಾಪಕವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಉಪ್ಪು ಕರಗದೆ ಕೆಸರಾಗುವಷ್ಟು ಮಾತ್ರ ನೀರು ಬಿಟ್ಟು, ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಮಾಪಕ ಶೇಕಡಾ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮಾಪಕ ಏಳು ಅಂಶ ಕಡಿಮೆ ಹೇಳುತ್ತಿದೆ ಎಂದು ತಿಳಿದು ಲೆಕ್ಕ ಹಾಕಿಕೊಳ್ಳಿ.

ಕಣ್ಣು ಮಬ್ಬಾಗಿರುವ ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಹೊಸ ಚರ್ಮವೂ ಎಳೆಯದಾಗಿರುತ್ತದೆ. ಆಗ ಎತ್ತಿ ಆಡಿಸಬೇಡಿ, ಆಹಾರ ಮುಟ್ಟದಿದ್ದರೆ ಗಾಬರಿಪಡಬೇಡಿ. ಕೊನೆಯದಾಗಿ, ನೋಂದಣಿ ಮಾಡಿಸಿರುವುದು ಒಳ್ಳೆಯದಾಯಿತು. ಬಾಲ್ ಪೈಥಾನ್ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇರುವುದರಿಂದ 2024ರ ನಿಯಮಗಳ ಪ್ರಕಾರ ಅದು ಕಡ್ಡಾಯ. ದಾಖಲೆಯಿಲ್ಲದ ಕಾರಣಕ್ಕೆ ವೈದ್ಯರ ಬಳಿಗೆ ಬರಲು ಹಿಂಜರಿದು, ಮನೆಯಲ್ಲಿಯೇ ಚಿಮುಟ ಹಿಡಿಯುವವರ ಹಾವುಗಳೇ ಹೆಚ್ಚು ಕಷ್ಟಪಡುತ್ತವೆ.

ಪ್ರಶ್ನೆ: ಪೊರೆ ಚೆನ್ನಾಗಿ ಬಿಡಲಿ ಎಂದು ನಮ್ಮ ಬಾಲ್ ಪೈಥಾನಿನ ಗೂಡಿಗೆ ದಿನಕ್ಕೆರಡು ಬಾರಿ ನೀರು ಸಿಂಪಡಿಸುತ್ತೇವೆ. ಈಗ ಅದರ ಹೊಟ್ಟೆಯ ಹುರುಪೆಗಳು ಕೆಂಪಾಗಿವೆ, ಎರಡು ಮೂರು ಕಡೆ ನೀರುಗುಳ್ಳೆ ಕಾಣಿಸುತ್ತಿದೆ. ಪೊರೆ ಬಿಡುವ ಮುನ್ನ ಹೊಟ್ಟೆ ಕೆಂಪಾಗುವುದು ಸಹಜ ಎಂದು ಕೇಳಿದ್ದೇವೆ. ಕಾಯಬಹುದೇ?
— ಉಡುಪಿ ಜಿಲ್ಲೆಯ ಓದುಗರು

ಉತ್ತರ: ಕಾಯಬಾರದು. ಪೊರೆಗೆ ಮುನ್ನ ಬಾಲ್ ಪೈಥಾನಿನ ಹೊಟ್ಟೆ ತಿಳಿಗುಲಾಬಿಗೆ ತಿರುಗುವುದು ನಿಜ, ಆದರೆ ಅದು ಹೊಟ್ಟೆಯುದ್ದಕ್ಕೂ ಒಂದೇ ಸಮನಾಗಿ ಇರುತ್ತದೆ, ಹುರುಪೆಗಳ ಅಂಚು ನಯವಾಗಿಯೇ ಇರುತ್ತದೆ, ಪೊರೆ ಬಿಟ್ಟ ಮೇಲೆ ಆ ಬಣ್ಣ ಹೋಗುತ್ತದೆ. ನೀವು ಹೇಳುತ್ತಿರುವಂತೆ ಬಿಡಿಬಿಡಿ ಹುರುಪೆಗಳ ಬುಡದಲ್ಲಿ ಕೆಂಪು, ಅದರ ಮೇಲೆ ಗುಳ್ಳೆ ಎಂದರೆ ಅದು ಹುರುಪೆ ಕೊಳೆಯುವ ರೋಗದ ಆರಂಭ. ಒದ್ದೆಯಾದ, ಕೊಳಕಾದ ಹಾಸಿಗೆಯ ಮೇಲೆ ಸದಾ ಮಲಗಿರುವ ಹಾವಿನ ಚರ್ಮದೊಳಕ್ಕೆ ಬ್ಯಾಕ್ಟೀರಿಯಾ ಇಳಿಯುತ್ತದೆ, ಕೆಲವೊಮ್ಮೆ ಶಿಲೀಂಧ್ರವೂ ಜೊತೆಗೂಡುತ್ತದೆ. ಚಿಕಿತ್ಸೆ ತಡವಾದರೆ ಸೋಂಕು ರಕ್ತಕ್ಕೆ ಸೇರಿ ಹಾವು ಸಾಯುತ್ತದೆ.

ಹಿಂದಿನ ಉತ್ತರದಲ್ಲಿ ತೇವ ಬೇಕು ಎಂದು ಹೇಳಿ ಇಲ್ಲಿ ತೇವ ಬೇಡ ಎನ್ನುತ್ತಿರುವುದು ವಿರೋಧಾಭಾಸದಂತೆ ಕಾಣಬಹುದು. ಹಾವಿಗೆ ಬೇಕಾಗಿರುವುದು ತೇವವಿರುವ ಗಾಳಿ, ಒದ್ದೆಯಾದ ನೆಲವಲ್ಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗಾಳಿಯ ತೇವಾಂಶವೇ ಶೇಕಡಾ 80ರ ಮೇಲಿರುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಆ ತಿಂಗಳುಗಳಲ್ಲಿ ಸಿಂಪಡಿಸುವ ಅಗತ್ಯವೇ ಇಲ್ಲ. ಹಾವು ಸಾಕುವ ಬಗೆಗಿನ ಮಾಹಿತಿಯಲ್ಲಿ ಬಹುಪಾಲು ಚಳಿದೇಶಗಳಲ್ಲಿ, ಹೀಟರ್ ಹಾಕಿದ ಒಣ ಕೋಣೆಗಳಲ್ಲಿ ಕೂತವರು ಬರೆದದ್ದು. ಅದನ್ನು ಉಡುಪಿಯ ಮಳೆಗಾಲಕ್ಕೆ ಹಾಗೆಯೇ ಅನ್ವಯಿಸಿದರೆ ಹೀಗಾಗುತ್ತದೆ.

ಇವತ್ತೇ ಹಾಸಿಗೆಯನ್ನೆಲ್ಲ ತೆಗೆದು ಹಾಕಿ, ಗೂಡನ್ನು ತೊಳೆದು ಒಣಗಿಸಿ, ಬಿಳಿಯ ಟಿಶ್ಯೂ ಕಾಗದ ಹಾಸಿ. ಒದ್ದೆಯಾದಾಗಲೆಲ್ಲ ಬದಲಾಯಿಸಿ. ಬಿಳಿ ಕಾಗದವೇ ಏಕೆಂದರೆ ಗುಳ್ಳೆ ಒಡೆದು ನೀರು ಅಥವಾ ರಕ್ತ ಸೋರಿದರೆ ಅದರ ಮೇಲೆ ಕೂಡಲೇ ಕಾಣುತ್ತದೆ. ಗಾಳಿಯ ಕಿಂಡಿಗಳನ್ನು ಹೆಚ್ಚಿಸಿ, ಆದರೆ ಬೆಚ್ಚಗಿನ ಬದಿಯ ಉಷ್ಣಾಂಶವನ್ನು ಇಳಿಯಲು ಬಿಡಬೇಡಿ, ತಣ್ಣಗಾದ ಹಾವಿನ ರೋಗನಿರೋಧಕ ಶಕ್ತಿ ಕೆಲಸ ಮಾಡುವುದಿಲ್ಲ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವವರೆಗೆ ನೀರಿನಲ್ಲಿ ತೆಳುಮಾಡಿ, ಹತ್ತಿಯಿಂದ ಹೊಟ್ಟೆಯ ಭಾಗವನ್ನು ದಿನಕ್ಕೊಮ್ಮೆ ಒತ್ತಿ ಒರೆಸಿ, ಒಣಗಿದ ಮೇಲೆ ಗೂಡಿಗೆ ಬಿಡಿ. ಗುಳ್ಳೆಗಳನ್ನು ಚುಚ್ಚಬೇಡಿ. ಇದು ವೈದ್ಯರನ್ನು ಕಾಣುವವರೆಗಿನ ಪ್ರಥಮ ಚಿಕಿತ್ಸೆ ಮಾತ್ರ. ಗುಳ್ಳೆಗಳು ಎದ್ದಿರುವುದರಿಂದ ಪ್ರತಿಜೀವಕದ ಚುಚ್ಚುಮದ್ದು ಬೇಕಾಗಬಹುದು. ಅದನ್ನು ಸಾಮಾನ್ಯವಾಗಿ ಹಾವಿನ ದೇಹದ ಮುಂಭಾಗದಲ್ಲಿ ಕೊಡುತ್ತಾರೆ, ಏಕೆಂದರೆ ಹಿಂಭಾಗದ ರಕ್ತ ಮೊದಲು ಮೂತ್ರಪಿಂಡಗಳ ಮೂಲಕ ಹಾದುಹೋಗಬಹುದು. ಮನುಷ್ಯರ ಅಥವಾ ನಾಯಿಯ ಮುಲಾಮನ್ನು ನೀವಾಗಿಯೇ ಹಚ್ಚಬೇಡಿ.

ಇನ್ನೊಂದನ್ನು ಪರೀಕ್ಷಿಸಿ. ಕೆಂಪಾಗಿರುವ ಜಾಗ ಹೀಟ್ ಮ್ಯಾಟ್ ಮೇಲೆ ಮಲಗುವ ಭಾಗಕ್ಕೆ ಸರಿಯಾಗಿ ಹೊಂದುತ್ತದೆಯೇ ನೋಡಿ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್‌ಗಳು 45 ಡಿಗ್ರಿ ದಾಟಬಲ್ಲವು, ಹಾವು ಸುಡುತ್ತಿದ್ದರೂ ಅಲ್ಲಿಂದ ಏಳದೆ ಮಲಗಿರುತ್ತದೆ. ಸುಟ್ಟಗಾಯವೂ ಮೊದಲಿಗೆ ಹೀಗೆಯೇ ಕಾಣುತ್ತದೆ. ಗಾಯ ಮಾಯುವ ಅವಧಿಯಲ್ಲಿ ಹಾವು ಬೇಗಬೇಗ ಪೊರೆ ಬಿಡುವುದುಂಟು, ಪ್ರತಿ ಪೊರೆಗೂ ಹುರುಪೆಗಳು ಸ್ವಲ್ಪ ಸ್ವಲ್ಪವೇ ಸುಧಾರಿಸುತ್ತವೆ. ಕಲೆಯಾದ ಕಡೆ ಮಾತ್ರ ಮುಂದೆಯೂ ಪೊರೆ ಅಂಟುವ ಸಾಧ್ಯತೆ ಇದೆ.

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದೇವೆ. ಮಗ ಎರಡು ವರ್ಷದಿಂದ ಕಾರ್ನ್ ಸ್ನೇಕ್ ಸಾಕಿದ್ದಾನೆ. ಪೊರೆ ಚೆನ್ನಾಗಿಯೇ ಬಿಡುತ್ತದೆ, ಆದರೆ ಬಾಲದ ತುದಿ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಕಪ್ಪಾಗಿ ಗಟ್ಟಿಯಾಗಿದೆ. ಅದು ಕೊಳಕು ಎಂದು ತಿಳಿದು ಉಜ್ಜಿದೆವು, ಹೋಗಲಿಲ್ಲ.
— ಓದುಗರೊಬ್ಬರು, ರೆಡಿಂಗ್

ಉತ್ತರ: ಪೊರೆ ಚೆನ್ನಾಗಿ ಬಿಡುತ್ತದೆ ಎಂದು ನೀವು ತಿಳಿದಿರುವಿರಿ, ಆದರೆ ಬಾಲದ ತುದಿಯ ಪೊರೆ ಬಂದಿಲ್ಲ. ಕಳಚಿದ ಪೊರೆಯನ್ನು ನೋಡುವಾಗ ಎಲ್ಲರೂ ತಲೆಯ ಕಡೆಯನ್ನು ನೋಡುತ್ತಾರೆ, ಬಾಲದ ಕಡೆ ಅದು ಚೂಪಾಗಿ ಮುಗಿದಿದೆಯೋ ಅಥವಾ ಹರಿದು ತೆರೆದುಕೊಂಡಿದೆಯೋ ಎಂದು ನೋಡುವವರು ಕಡಿಮೆ. ತುದಿಯಲ್ಲಿ ಪ್ರತಿ ಬಾರಿಯೂ ಒಂದೊಂದು ಉಂಗುರದಷ್ಟು ಪೊರೆ ಉಳಿದು, ಒಣಗಿ ಬಿಗಿದು, ರಕ್ತದ ಹರಿವನ್ನು ತಡೆಯುತ್ತದೆ. ಬಹುಶಃ ಇದು ಹಿಂದಿನ ಚಳಿಗಾಲದಲ್ಲಿ ಶುರುವಾಗಿರಬೇಕು. ಸೆಂಟ್ರಲ್ ಹೀಟಿಂಗ್ ಓಡುವ ಮನೆಗಳಲ್ಲಿ ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗಿನ ಗಾಳಿ ಒಣಗಿರುತ್ತದೆ.

ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಬಾಲಕ್ಕೆ ಇಪ್ಪತ್ತು ನಿಮಿಷ ಸುತ್ತಿ, ಆಮೇಲೆ ಬೆರಳುಗಳ ನಡುವೆ ತುದಿಯ ದಿಕ್ಕಿಗೆ ಮೆಲ್ಲಗೆ ಜಾರಿಸಿ ನೋಡಿ. ಉಂಗುರ ಕಳಚಿ ಅಡಿಯಲ್ಲಿ ಸಹಜ ಬಣ್ಣ ಕಂಡರೆ ಅದೃಷ್ಟ. ಆದರೆ ನೀವು ಗಟ್ಟಿ ಎಂದಿದ್ದೀರಿ. ತುದಿ ಮುರುಟಿಕೊಂಡು, ಮುಟ್ಟಿದರೆ ಹಾವಿಗೆ ತಿಳಿಯದಂತಿದ್ದರೆ ಆ ಭಾಗ ಸತ್ತಿದೆ. ಕತ್ತರಿ ಹಿಡಿಯಬೇಡಿ. ನಿಮ್ಮಲ್ಲಿ ವಿಶೇಷ ಸಾಕುಪ್ರಾಣಿಗಳನ್ನು ನೋಡುವ ಪಶುವೈದ್ಯರು ಸಿಗುತ್ತಾರೆ, ಸತ್ತ ಭಾಗ ಮೇಲಕ್ಕೆ ಹರಡುತ್ತಿದೆಯೇ ಎಂದು ನೋಡಿ ಅಗತ್ಯವಿದ್ದರೆ ಅರಿವಳಿಕೆ ಕೊಟ್ಟು ಅವರೇ ತೆಗೆಯುತ್ತಾರೆ. ಬಾಲದ ತುದಿ ಹೋದರೂ ಕಾರ್ನ್ ಸ್ನೇಕ್ ಚೆನ್ನಾಗಿಯೇ ಬದುಕುತ್ತದೆ. ಅಮೆರಿಕದ ಆಗ್ನೇಯ ಭಾಗದ ಈ ಹಾವಿಗೆ ಬಾಲ್ ಪೈಥಾನಿನಷ್ಟು ತೇವ ಬೇಡ, ಶೇಕಡಾ 40ರಿಂದ 50 ಸಾಕು, ಪೊರೆಯ ದಿನಗಳಲ್ಲಿ ಮಾತ್ರ ಒದ್ದೆ ಪಾಚಿಯ ಡಬ್ಬ ಇರಲಿ. ಉಜ್ಜಲು ಒಂದು ಒರಟು ಕಲ್ಲು ಅಥವಾ ತೊಗಟೆಯಿರುವ ಕೊಂಬೆಯನ್ನೂ ಗೂಡಿನಲ್ಲಿ ಇಡಲು ಮಗನಿಗೆ ಹೇಳಿ. ಗೂಡಿನ ಕೆಲಸವನ್ನು ಅವನೇ ನೋಡಿಕೊಳ್ಳುವುದಾದರೆ, ಪ್ರತಿ ಪೊರೆಯ ದಿನಾಂಕವನ್ನೂ ಬಾಲದ ಸ್ಥಿತಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ.

ಪ್ರಶ್ನೆ: ನನ್ನ ಕಾರ್ನ್ ಸ್ನೇಕ್ ದಿನವಿಡೀ ನೀರಿನ ಬಟ್ಟಲಿನಲ್ಲಿಯೇ ಮಲಗಿರುತ್ತದೆ. ತೇವಾಂಶ ಶೇಕಡಾ 55 ಇದ್ದರೂ ಪೊರೆ ತುಂಡಾಗಿ ಬಂತು. ಹದಿನೈದೇ ದಿನದಲ್ಲಿ ಮತ್ತೆ ಮೈ ಮಂಕಾಗಿದೆ. ಬಟ್ಟಲಿನ ತಳದಲ್ಲಿ ಕರಿಮೆಣಸಿನ ಪುಡಿಯಂತಹ ಚುಕ್ಕೆಗಳಿವೆ.
— ಪುಣೆಯಲ್ಲಿರುವ ಕನ್ನಡಿಗರು

ಉತ್ತರ: ಆ ಚುಕ್ಕೆಗಳು ಮುಳುಗಿ ಸತ್ತ ಹಾವಿನ ನುಸಿಗಳು. ಒಂದು ಮಿಲಿಮೀಟರ್‌ಗಿಂತ ಚಿಕ್ಕದಾದ, ರಕ್ತ ಹೀರುವ ಈ ಜೀವಿಯ ಕಾಟ ತಾಳಲಾರದೆ ಹಾವು ನೀರಿನಲ್ಲಿ ಕೂರುತ್ತದೆ. ಖಚಿತಪಡಿಸಿಕೊಳ್ಳಲು ಒದ್ದೆಯಾದ ಬಿಳಿ ಟಿಶ್ಯೂವಿನ ನಡುವೆ ಹಾವನ್ನು ಹಾಯಿಸಿ, ಕಪ್ಪು ಅಥವಾ ಕೆಂಪು ಕಲೆಗಳು ಉಳಿಯುತ್ತವೆ. ಕಣ್ಣಿನ ಸುತ್ತಲಿನ ಅಂಚಿನಲ್ಲಿ, ಗದ್ದದ ಕೆಳಗಿನ ಸೀಳಿನಲ್ಲಿ ಭೂತಕನ್ನಡಿ ಹಿಡಿದು ನೋಡಿದರೆ ಹುರುಪೆಗಳ ಅಡಿಯಿಂದ ಅವುಗಳ ಹಿಂಭಾಗ ಇಣುಕುತ್ತಿರುತ್ತದೆ. ಪೊರೆ ಬೇಗಬೇಗ, ಅದೂ ತುಂಡಾಗಿ ಬರುವುದಕ್ಕೆ ಇದೇ ಕಾರಣ. ತೇವವನ್ನು ಇನ್ನಷ್ಟು ಹೆಚ್ಚಿಸಿದರೆ ನುಸಿಗಳಿಗೇ ಅನುಕೂಲ.

ಹಾವಿಗೆ ಮಾತ್ರ ಔಷಧಿ ಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ನುಸಿ ಮೊಟ್ಟೆಯಿಡುವುದು ಹಾವಿನ ಮೇಲಲ್ಲ, ಗೂಡಿನ ಸಂದಿಗಳಲ್ಲಿ. ಮರದ ಕೊಂಬೆ, ತೊಗಟೆ, ಹಾಸಿಗೆ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಬಿಸಾಡಿ, ಗೂಡಿನ ಮೂಲೆಗಳನ್ನೂ ಮುಚ್ಚಳದ ಸಂದಿಯನ್ನೂ ಬಿಸಿನೀರು ಸೋಪಿನಿಂದ ಉಜ್ಜಿ ತೊಳೆದು, ಕಾಗದ ಮಾತ್ರ ಹಾಸಿ. ಔಷಧಿಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಬಳಸಬೇಕು. ನುಸಿ ಕೊಲ್ಲುವ ಫಿಪ್ರೊನಿಲ್ ದ್ರಾವಣವನ್ನು ನೇರವಾಗಿ ಮುಖಕ್ಕೆ ಸಿಂಪಡಿಸದೆ ಬಟ್ಟೆಗೆ ಹಾಕಿ ಮೈಗೆ ಒರೆಸುವುದು ರೂಢಿ, ಅದು ಆರುವವರೆಗೆ ನೀರಿನ ಬಟ್ಟಲು ಗೂಡಿನಲ್ಲಿ ಇರಬಾರದು. ಬೆಚ್ಚಗಿನ ಗೂಡಿನಲ್ಲಿ ನುಸಿಯ ಜೀವನಚಕ್ರ ಎರಡು ಮೂರು ವಾರಗಳಲ್ಲಿ ಮುಗಿಯುವುದರಿಂದ, ಒಂದು ಬಾರಿಯ ಔಷಧಿಯಿಂದ ಎಲ್ಲವೂ ಹೋಯಿತು ಎಂದು ನಿಲ್ಲಿಸಿದರೆ ಮೊಟ್ಟೆಯಿಂದ ಹೊರಬಂದವು ಮತ್ತೆ ಹತ್ತುತ್ತವೆ. ಮನೆಯಲ್ಲಿ ಆಮೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಹಾವಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ಪ್ರಾಣಾಂತಿಕ. ಸೀಮೆಎಣ್ಣೆ, ಕರ್ಪೂರ, ನಾಯಿಯ ಉಣ್ಣಿ ಕೊಲ್ಲುವ ಪುಡಿ ಇವುಗಳ ಹತ್ತಿರಕ್ಕೂ ಹೋಗಬೇಡಿ. ಮುಂದೆ ಹೊಸ ಹಾವು ತಂದರೆ ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿಡಿ.

ಪ್ರಶ್ನೆ: ನನ್ನ ಐದು ವರ್ಷದ ಹಾವು ಎರಡು ತಿಂಗಳಾದರೂ ಪೊರೆ ಬಿಟ್ಟಿಲ್ಲ. ಮರಿಯಾಗಿದ್ದಾಗ ತಿಂಗಳಿಗೊಮ್ಮೆ ಬಿಡುತ್ತಿತ್ತು. ತೊಂದರೆಯೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಇಲ್ಲ. ಬೆಳೆಯುವ ಮರಿಗಳು ನಾಲ್ಕರಿಂದ ಆರು ವಾರಗಳಿಗೊಮ್ಮೆ ಪೊರೆ ಬಿಡುತ್ತವೆ, ಬೆಳೆದ ಹಾವುಗಳು ವರ್ಷಕ್ಕೆ ಕೆಲವೇ ಬಾರಿ. ಚೆನ್ನಾಗಿ ತಿನ್ನುತ್ತಿದ್ದು ಮೈ ತುಂಬಿಕೊಂಡಿದ್ದರೆ ಸುಮ್ಮನಿರಿ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಕೇರೆಹಾವೊಂದು ಅರ್ಧ ಬಿಟ್ಟ ಪೊರೆಯನ್ನು ಎಳೆದುಕೊಂಡು ಓಡಾಡುತ್ತಿದೆ. ಹಿಡಿದು ತಂದು ನೀರಿನಲ್ಲಿ ನೆನೆಸಿ ಬಿಡಿಸಿ ಕಳಿಸೋಣವೇ?
— ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಕಳಕಳಿ ಸರಿ, ಆದರೆ ಹಿಡಿಯಬೇಡಿ. ತೋಟದ ಹಾವಿಗೆ ಕಲ್ಲು, ಬೇಲಿ, ತೊಗಟೆ, ಬೆಳಗಿನ ಇಬ್ಬನಿ ಎಲ್ಲವೂ ಇವೆ, ಒಂದೆರಡು ದಿನಗಳಲ್ಲಿ ಅದು ತಾನೇ ಬಿಡಿಸಿಕೊಳ್ಳುತ್ತದೆ. ಕಣ್ಣು ಮಬ್ಬಾಗಿರುವ ಹಾವು ಸಣ್ಣ ಸದ್ದಿಗೂ ಬೆದರಿ ಕಚ್ಚಲು ಬರುತ್ತದೆ, ಮಂಕಾದ ಮೈಬಣ್ಣದಲ್ಲಿ ಕೇರೆಯನ್ನೂ ನಾಗರವನ್ನೂ ದೂರದಿಂದ ಗುರುತಿಸುವುದರಲ್ಲಿ ತಪ್ಪಾಗುವುದೂ ಉಂಟು. ಕೇರೆ, ನಾಗರ, ಹೆಬ್ಬಾವು ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಉಪಚಾರಕ್ಕೆಂದು ಮನೆಯಲ್ಲಿ ಇಟ್ಟುಕೊಂಡರೂ ಅದು ಅಪರಾಧವಾಗುತ್ತದೆ. ಹಾವು ನಿಜವಾಗಿಯೂ ಗಾಯಗೊಂಡಿದ್ದರೆ, ಬಲೆಯಲ್ಲಿ ಸಿಕ್ಕಿಕೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ನನ್ನ ಬಾಲ್ ಪೈಥಾನ್ ಬಿಟ್ಟ ಪೊರೆಯನ್ನು ಅಳೆದರೆ ಹಾವಿಗಿಂತ ಉದ್ದವಾಗಿದೆ! ಮಗಳು ಅದನ್ನು ಶಾಲೆಗೆ ಒಯ್ಯಬೇಕೆಂದು ಹಟ ಹಿಡಿದಿದ್ದಾಳೆ. ಕೊಡಬಹುದೇ?
— ಮೈಸೂರಿನ ಓದುಗರು

ಉತ್ತರ: ಪೊರೆ ಹಾವಿಗಿಂತ ಉದ್ದ ಇರಲೇಬೇಕು. ಹುರುಪೆಗಳು ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ನಡುವಿನ ಮಡಿಕೆಗಳು ಕಳಚುವಾಗ ಬಿಚ್ಚಿಕೊಂಡು ಪೊರೆ ಹಿಗ್ಗುತ್ತದೆ. ಪೊರೆಯನ್ನು ಅಳೆದು ನನ್ನ ಹಾವು ಇಷ್ಟು ಉದ್ದ ಎಂದು ಹೇಳುವವರಿಗೆ ಈ ವಿಷಯ ಗೊತ್ತಿರುವುದಿಲ್ಲ. ಮಗಳು ಒಯ್ಯಲಿ, ಆದರೆ ಹಾವುಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಪೊರೆಯನ್ನು ಚೆನ್ನಾಗಿ ಒಣಗಿಸಿ, ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಕೊಡಿ. ತೆಗೆದು ಮುಟ್ಟಿದವರೆಲ್ಲ ಊಟದ ಡಬ್ಬಿ ಬಿಚ್ಚುವ ಮುನ್ನ ಸೋಪಿನಿಂದ ಕೈ ತೊಳೆಯಬೇಕೆಂದು ಶಿಕ್ಷಕರಿಗೆ ಒಂದು ಚೀಟಿ ಬರೆದುಕೊಡಿ. ಕೊಡುವ ಮುನ್ನ ಎರಡು ಕಣ್ಣುಗಳ ಕಿಟಕಿಯನ್ನೂ ಬಾಲದ ತುದಿಯನ್ನೂ ನೀವೇ ಒಮ್ಮೆ ನೋಡಿಕೊಳ್ಳಿ. ಅವುಗಳಲ್ಲಿ ಯಾವುದಾದರೂ ಕಾಣೆಯಾಗಿದ್ದರೆ ಆ ಪೊರೆ ಶಾಲೆಗಿಂತ ಮೊದಲು ವೈದ್ಯರ ಬಳಿಗೆ ಹೋಗಲಿ, ಅದೂ ಒಣ ಡಬ್ಬಿಯಲ್ಲಿಯೇ. ಒದ್ದೆಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದ ಪೊರೆ ಬೂಸ್ಟು ಹಿಡಿದಿರುತ್ತದೆ, ಅದನ್ನು ನೋಡಿ ಏನನ್ನೂ ಹೇಳಲಾಗುವುದಿಲ್ಲ.